ಇಳಿದು ಹೋದ ಜೊತೆಗಾತಿ

...ನಗಬೇಡ ಅಂದೆ. ಬಾಯಲ್ಲಿರೋ ಗುಂಡುಪಿನ್ನು ಹೊಟ್ಟೆಗೆ ಹೋದ್ರೆ ಅಭಿಮಾನಿಗಳ ಸಭೆ ಬಿಟ್ಟು ನಿನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗಬೇಕಾಗುತ್ತೆ. ಅಂಚು ಇನ್ನೂ ಸ್ವಲ್ಪ ಮೇಲೆ ಮಡಚು. ಆ ಹಳೇ ಟೀವಿ ಧಾರಾವಾಹೀಲಿ ಕ್ಯಾಪ್ಟನ್ ಜೊತೆಗಾತಿ ಇದ್ದಳಲ್ಲ, ಅವಳ ಕೋಟು ಮಂಡಿಯಿಂದ ಕೆಳಗೆ ಬರ್ತಿರಲಿಲ್ಲ.

ಈ ವಯಸ್ಸಲ್ಲಿ ಬೆಳ್ಳಿ ಬಣ್ಣದ ಕೋಟು ಯಾಕಮ್ಮ ಅಂತ ತಾನೇ ನಿನ್ನ ಮುಖ ಕೇಳ್ತಿರೋದು? ಸಭೆಗೆ ಬರೋ ಗಂಡಸರು, ತಲೆ ಬೋಳಾದವರು, ಹೊಟ್ಟೆ ಬಂದವರು, ಎಲ್ಲರೂ ಕ್ಯಾಪ್ಟನ್ ಟೋಪಿ ಹಾಕ್ಕೊಂಡೇ ಬರ್ತಾರೆ. ಅವರನ್ನ ಯಾರೂ ಏನೂ ಕೇಳಲ್ಲ. ನಾನು ಜೊತೆಗಾತಿ ಕೋಟು ಹಾಕ್ಕೊಂಡ್ರೆ ಮಾತ್ರ ಹೊಲಿದುಕೊಡೋ ಮಗಳಿಗೂ ನಗು.

ಆ ಅಭಿಮಾನಿ ಸಂಘದ ಕಾರ್ಯದರ್ಶಿ ಇದ್ದಾನಲ್ಲ, ಕನ್ನಡಕದವನು, ನಿನ್ನೆ ಫೋನ್ ಮಾಡಿದ್ದ. 'ಚಹಾ ಆದಮೇಲೆ ಕ್ಯಾಪ್ಟನ್ ಬಗ್ಗೆ ಎರಡು ಮಾತಾಡಿ ಅಮ್ಮಾ' ಅಂದ. ನಾನು ಜೊತೆಗಾತಿ ಬಗ್ಗೆ ಮಾತಾಡ್ತೀನಪ್ಪ ಅಂದೆ. ಏನಂದ ಗೊತ್ತಾ? 'ಅವಳ ಬಗ್ಗೆ ಮಾತಾಡೋಕೆ ಏನಿದೆ, ಕಿರುಚೋದು ಬಿಟ್ರೆ ಅವಳೇನು ಮಾಡಿದಳು' ಅಂದ.

ಏನು ಮಾಡಿದಳಾ... ಹೇಳ್ತೀನಿ, ಇವತ್ತು ಮೈಕಲ್ಲೇ ಹೇಳ್ತೀನಿ. ಆ ಬಾಹ್ಯಾಕಾಶ ನೌಕೆ ರಟ್ಟಿನದು. ಬಾಗಿಲು ಹಾಕಿದ್ರೆ ಗೋಡೆ ಅಲ್ಲಾಡ್ತಿತ್ತು. ರಾಕ್ಷಸ ಅಂದ್ರೆ ಯಾರೋ ಗೋಣಿಚೀಲ ಹೊದ್ದುಕೊಂಡು ಬರ್ತಿದ್ದ, ಕಾಲಲ್ಲಿ ಬೂಟು ಕಾಣ್ತಿತ್ತು. ಅದನ್ನ ನೋಡಿ ನಾವು ಹೆದರಿದ್ದು ಯಾಕೆ? ಅವಳು ಹೆದರಿದ್ದಕ್ಕೆ. ಅವಳ ಕಣ್ಣು ನೋಡಿ ನಂಬಿದ್ವಿ ಕಣೇ, ಗೋಣಿಚೀಲ ನೋಡಿ ಅಲ್ಲ. ಕ್ಯಾಪ್ಟನ್‌ಗೇನು, ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತಿದ್ದ. ಯಾರು ಬೇಕಾದ್ರೂ ನಿಲ್ಲಬಹುದು.

ಕಳೆದ ಸಲದ ಸಭೆಯಲ್ಲಿ ಕೈ ತೊಳೆಯೋ ಜಾಗದಲ್ಲಿ ಒಬ್ಬಳು ಸಿಕ್ಕಿದ್ದಳು. ಬಸ್ ಓಡಿಸ್ತಾಳಂತೆ. 'ಅಕ್ಕಾ, ಕ್ಯಾಪ್ಟನ್ ಮುಖ ನನಗೆ ನೆನಪೇ ಇಲ್ಲ, ಅವಳು ನೆನಪಿದ್ದಾಳೆ. ಗುಹೆ ಒಳಗೆ ನಡುಗ್ತಾ ನಡುಗ್ತಾನೇ ಹೋದಳಲ್ಲ. ಮೊದಲನೇ ದಿನ ಬಸ್ ಹತ್ತಿದಾಗ ಅದೇ ಕಣ್ಣ ಮುಂದೆ ಬಂತು' ಅಂದಳು. ಇಬ್ಬರೂ ನಲ್ಲಿ ಬಿಟ್ಕೊಂಡೇ ಮಾತಾಡ್ತಾ ನಿಂತ್ವಿ. ಹಾಲ್‌ನಲ್ಲಿ ಗಂಡಸರು ನೌಕೆ ಇಂಜಿನ್ ಬಗ್ಗೆ ಜಗಳ ಆಡ್ತಿದ್ರು. ಇಲ್ಲದಿರೋ ಇಂಜಿನ್ನು.

ತೋಳು ಬಿಗಿ ಆಯ್ತು. ಹಾಂ, ಈಗ ಸರಿ.

ನೀನು ಆಗ ತೊಡೆ ಮೇಲಿನ ಕೂಸು. ನಿಮ್ಮಪ್ಪ ನಮ್ಮನ್ನ ಬಿಟ್ಟು ಹೋಗೋಕೆ ಮುಂಚಿನ ಮಾತು. ಟೀವಿ ಇದ್ದದ್ದು ಕೆಳಗಡೆ ಓನರಮ್ಮನ ಮನೇಲಿ. ವಾರಕ್ಕೊಂದು ಸಂಜೆ ನಿನ್ನ ಎತ್ಕೊಂಡು ಇಳೀತಿದ್ದೆ. ನಿಮ್ಮಪ್ಪನೂ ಬರ್ತಿದ್ರು. ಅವರ ಕಣ್ಣೆಲ್ಲ ಕ್ಯಾಪ್ಟನ್ ಮೇಲೆ. ಅವಳು 'ಇದೇನು' ಅಂತ ಕೇಳಿದಾಗೆಲ್ಲ, ಕ್ಯಾಪ್ಟನ್ ಬಾಯಿ ಬಿಡೋಕೆ ಮುಂಚೆ ಇವರೇ ಉತ್ತರ ಹೇಳಿಬಿಡ್ತಿದ್ರು.

ಮನೇಲೂ ಅಷ್ಟೇ. ತಮ್ಮ ಅಂಗಡಿಗೆ ರಿಪೇರಿಗೆ ಬಂದ ರೇಡಿಯೋ ತಂದು ಬಿಚ್ಚಿ ಕೂತ್ರೆ ನಾನು ಸ್ಕ್ರೂಡ್ರೈವರ್ ಕೊಡಬೇಕು, ಇದೇನು ಅಂತ ಕೇಳಬೇಕು, ಅವರು ವಿವರಿಸಬೇಕು. ಊರಿಗೆಲ್ಲ ಒಳ್ಳೆಯವರು. ನನ್ನ ಮೇಲೂ ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ. ಆದ್ರೆ ನಿನಗೇನು ಅನ್ನಿಸುತ್ತೆ ಅಂತ... ಒಂದು ದಿನ, ಒಂದೇ ಒಂದು ದಿನವೂ ಕೇಳಲಿಲ್ಲ.

ಯಾಕೆ ಕೈ ನಿಲ್ಲಿಸಿದೆ? ಅಪ್ಪನ ಮಾತು ಬಂದಾಗೆಲ್ಲ ಹೀಗೇ ನೀನು. ಚಿಕ್ಕವಳಿದ್ದಾಗ ಬೀದೀಲಿ ಯಾರ ಸ್ಕೂಟರ್ ನಿಂತರೂ ಓಡಿ ಹೋಗಿ ನೋಡ್ತಿದ್ದೆ. 'ಅಪ್ಪಂಗೆ ನಾನು ಬೇಡವಾಗಿದ್ನಾ' ಅಂತ ಕೇಳ್ತಿದ್ದೆ. ನಾನು ಊಟಕ್ಕೆ ಬಾ ಅಂತಿದ್ದೆ... ಹೋಗಲಿ ಬಿಡು. ಪಿನ್ನು ಹಾಕು.

ಇರು, ಮೈಕಲ್ಲಿ ಹೇಳೋದನ್ನ ನಿನ್ನ ಮುಂದೆ ಒಂದ್ಸಲ ಹೇಳಿಬಿಡ್ತೀನಿ. ಅವಳ ಕೊನೇ ಕಂತು. ಭಾನುವಾರ ನಿನ್ನ ಕಂಪ್ಯೂಟರಲ್ಲಿ ಜೊತೆಗೇ ಕೂತು ನೋಡಿದ್ವಲ್ಲ, ಅದೇ. ಕೇಳು.

'ಬಂಧುಗಳೇ, ಆ ಗ್ರಹದಲ್ಲಿ ಕಲ್ಲು, ಗಾಳಿ ಬಿಟ್ರೆ ಏನೂ ಇರಲಿಲ್ಲ. ನೌಕೆ ಹೊರಡೋ ಹೊತ್ತು. ಕ್ಯಾಪ್ಟನ್ ಯಂತ್ರದ ಮೇಲೆ ಬಗ್ಗಿದ್ದಾನೆ. ತಿರುಗಿಯೂ ನೋಡದೆ ಸ್ಪ್ಯಾನರ್‌ಗೆ ಕೈ ಚಾಚ್ತಾನೆ. ಅವಳು ಸ್ಪ್ಯಾನರನ್ನ ಮೇಜಿನ ಮೇಲೆ ಇಡ್ತಾಳೆ, ಅವನ ಕೈಗೆ ಕೊಡಲ್ಲ. ಮೆಲ್ಲಗೆ ಚಿಲಕ ತೆಗೀತಾಳೆ. ಮಗು ನಿದ್ದೇಲಿ ಕೊಸರಾಡುತ್ತೆ. ಹೆಗಲ ಮೇಲೆ ಹಾಕ್ಕೊಂಡು ಬೆನ್ನು ತಟ್ತಾಳೆ. ಓನರಮ್ಮಂಗೆ ಕೇಳಿಸಬಾರದು ಅಂತ ಚಪ್ಪಲಿ ಕೈಲಿ ಹಿಡ್ಕೊಂಡು ಒಂದೊಂದೇ ಮೆಟ್ಟಿಲು...'

ಏನು? ಏನಾಯ್ತು, ಯಾಕೆ ಹಾಗೆ ನೋಡ್ತೀಯ? ಇನ್ನೂ ಮುಗಿದಿಲ್ಲ, ಮುಂದೆ ಅವಳು...

ಓ.

ಮಗು. ಹೌದು... ಅವಳಿಗೆ ಮಗು ಇರಲಿಲ್ಲ. ಓನರಮ್ಮನೂ ಇರಲಿಲ್ಲ.

ವಯಸ್ಸಾಯ್ತು, ಎರಡೂ ಕಲಸಿಹೋಯ್ತು ಅಂತ ಹೇಳಬಹುದು. ನೀನು ನಂಬ್ತೀಯಾ?

ನಂಬಲ್ಲ. ಬಾಯಿಂದ ಪಿನ್ನೆಲ್ಲ ತೆಗೆದು ಡಬ್ಬಿಗೆ ಹಾಕಿಬಿಟ್ಟೆ ನೀನು.

ಸರಿ. ಹಾಗಾದ್ರೆ ನೆಟ್ಟಗೆ ಕೇಳಿಸ್ಕೋ. ನಿಮ್ಮಪ್ಪ ಬಿಟ್ಟು ಹೋಗಲಿಲ್ಲ. ನಾನು ಇಳಿದು ಬಂದೆ. ಆ ಕಂತು ನೋಡಿದ ವಾರದಲ್ಲೇ. 'ನೀವು ಹೋಗಿ, ನಾನು ಇಲ್ಲೇ ಇಳೀತೀನಿ' ಅಂತ ಜೊತೆಗಾತಿ ಹೇಳಿದ್ದಷ್ಟೇ. ಮುಂದಿನ ವಾರ ಅದೇ ಕೋಟು ಹಾಕ್ಕೊಂಡು ಬೇರೆ ಹುಡುಗಿ ಬಂದಳು. ಕ್ಯಾಪ್ಟನ್ ಇವಳ ಮಾತೂ ಎತ್ತಲಿಲ್ಲ. ಆ ಬಂಡೆಗಳ ಮಧ್ಯೆ ಒಬ್ಬಳೇ ಏನಾದಳು, ಹೇಗೆ ಬದುಕಿದಳು, ಯಾರೂ ತೋರಿಸಲಿಲ್ಲ. ಬದುಕಿರ್ತಾಳೆ ಅಂತ ನಾನು ಅಂದ್ಕೊಂಡೆ. ಅಂದ್ಕೊಂಡಿದ್ದಕ್ಕೇ ಆಸ್ಪತ್ರೆ ಟೆಲಿಫೋನ್ ಬೋರ್ಡಲ್ಲಿ ಕೂತು ನಿನ್ನ ಸಾಕಿದೆ. ಕಿರುಚೋದು ಬಿಟ್ರೆ ಏನು ಮಾಡಿದಳಂತೆ.

ನಿಮ್ಮಪ್ಪ ನಮ್ಮನ್ನ ಹುಡುಕಿಕೊಂಡು ಬಂದಿದ್ರು. ಹೌದು... ಬಂದಿದ್ರು. ಮೂಲೆ ಮನೇಲಿದ್ವಲ್ಲ, ಆಗ. ನೀನು ಒಳಗೆ ಮಲಗಿದ್ದೆ. ಬರಲ್ಲ ಅಂತ ಕಿಟಕಿಯಿಂದಲೇ ಹೇಳಿದೆ. ಮಗೂನಾದ್ರೂ ತೋರಿಸು ಅಂದ್ರು. ಬಾಗಿಲು ತೆಗೀಲಿಲ್ಲ. ಮತ್ತೆ ಬಂದ್ರು, ಆಗಲೂ ತೆಗೀಲಿಲ್ಲ. ತೆಗೆದಿದ್ರೆ ಹೋಗಿಬಿಡ್ತಿದ್ದೆ ಪುಟ್ಟಿ, ಅಷ್ಟು ಒಳ್ಳೆಯವರು ಅವರು. ಹೋಗಿ ಮತ್ತೆ ಸ್ಕ್ರೂಡ್ರೈವರ್ ಕೊಡ್ತಾ ಕೂರ್ತಿದ್ದೆ.

ನೀನು ಹಾಗೆ ದುರುಗುಟ್ಟಿ ನೋಡಿದ್ರೂ ನಾನು ತಲೆ ತಗ್ಗಿಸಲ್ಲ. ಬೈಯೋದಾದ್ರೆ ಬೈ. ಇವತ್ತು ಬಂದು ತಟ್ಟಿದ್ರೂ ನಾನು ತೆಗೆಯೋಳಲ್ಲ.

ನಿನಗೆ ತೆಗೀಬೇಕು ಅನ್ನಿಸ್ತಿತ್ತೇನೋ. ಅದನ್ನ... ಅದನ್ನ ನಾನು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಎಲ್ಲಿಗೆ ಎದ್ದೆ? ಚಪ್ಪಲಿ ಯಾಕೆ ಹುಡುಕ್ತಿದ್ದೀಯ?

ನಿಮ್ಮಪ್ಪನಾ? ...ಇದ್ದಾರೆ. ಓನರಮ್ಮನ ಮನೆ ಇದ್ದ ಅದೇ ಬೀದಿ, ಅದೇ ರೇಡಿಯೋ ಅಂಗಡಿ. ಕಣ್ಣು ಸರಿಯಾಗಿ ಕಾಣಲ್ವಂತೆ, ಹತ್ತಿರ ಹೋಗಿ ನೀನು ಯಾರು ಅಂತ ಹೇಳು. ನಾನು ತಡೆಯಲ್ಲ. ಕೋಟಿನ ಅಂಚು ಹೀಗೇ ಪಿನ್ನಲ್ಲೇ ಇರಲಿ, ನಾನು ಸಭೆಗೆ ಹೊರಟೆ.