ಎಡಗಡೇದು

ಸಿರು... ಸಿರುನೀ... ಥೂ, ನಾಲಗೆ ತುದೀಲೇ ಇದೆ, ಬರ್ತಾ ಇಲ್ಲ. ಅದೇ ಕಣೇ ಮೇಘನ, ನಿನ್ನ ಕೈಯಲ್ಲಿರೋ ಆ ಕೆಂಪು ಕಾಳು. ಕಿಡ್ನಿ ಅಂತ ನಂಗೂ ಗೊತ್ತಮ್ಮ! ಮೂರು ತಿಂಗಳಿಂದ ಈ ಮನೇಲಿ ಬೇರೆ ಮಾತೇ ಇಲ್ವಲ್ಲ. ನಾನು ನೆನಪು ಮಾಡ್ಕೊಳ್ತಿರೋದು ಅದರ ತಮಿಳು ಹೆಸರು. ಸಿರುನೀ...

ಎಲ್ಲಿ ಕಲಿತೆ ಅಂದ್ರೆ? ಎಲ್ಲೋ ಕೇಳಿದ್ದೆ. ಕೆಜಿಎಫ್ ಕಡೆಯಿಂದ ಒಬ್ಳು ಹಳೇ ಬಟ್ಟೆಗೆ ಪಾತ್ರೆ ಕೊಡೋಕೆ ಬರ್ತಿದ್ಲಲ್ಲ, ಅವಳ ಬಾಯಲ್ಲಿ. ಪಾತ್ರೆ ಮಾರೋಳಿಗೆ ಕಿಡ್ನಿ ಸುದ್ದಿ ಯಾಕೆ ಅಂತ ನನ್ನ ಕೇಳಿದ್ರೆ? ಹೋಗಿ ಅವಳನ್ನೇ ಕೇಳು. ಸತ್ತು ಹತ್ತು ವರ್ಷ ಆಯ್ತು ಪಾಪ.

ಮೊದಲು ಆ ಗೊಂಬೆಗೆ ಏನಾದ್ರೂ ಹೊದಿಸೇ. ಕೈಯಿಲ್ಲ, ಕಾಲಿಲ್ಲ, ಹೊಟ್ಟೆ ಬೇರೆ ಬೀರು ಬಾಗಿಲು ತೆಗೆದಂಗೆ ತೆಗೆದಿಟ್ಟಿದೀಯ. ಉಣ್ಣೋ ಜಾಗದಲ್ಲಿ ಕೂರಿಸ್ತಾರಾ ಇದನ್ನ? ಕೋಲಾರದಿಂದ ಎರಡು ಬಸ್ಸು ಬದಲಾಯಿಸಿ ತೊಡೆ ಮೇಲಿಟ್ಕೊಂಡು ಬಂದೆ ಅಂತೀಯ. ಕಂಡಕ್ಟರ್ ಅರ್ಧ ಟಿಕೆಟ್ ಕೇಳ್ಲಿಲ್ವಾ? ...ಕೇಳಿದ್ನಾ! ಅಯ್ಯೋ ಇವನ!

ಈಗ ನಿಜ ಹೇಳು. ಇದನ್ನ ಪರೀಕ್ಷೆಗೆ ಅಂತಲೇ ತಂದ್ಯಾ? ನರ್ಸಿಂಗ್ ಕಾಲೇಜಿನವರು ಇಂಥಾ ಗೊಂಬೇನ ಮನೆಗೆ ಕೊಟ್ಟು ಕಳಿಸ್ತಾರಾ? ಹಳೇದಾ? ಮೂಗು ಮುರಿದಿದೆಯಾ? ಹೂಂ, ಮುರಿದಿದೆ. ಆದ್ರೂ ನಂಗೆ ನಂಬಿಕೆ ಬರ್ತಿಲ್ಲ. ನಿಮ್ಮಮ್ಮ ಶೋಭಾರಾಣಿನೇ ಹೇಳಿಕೊಟ್ಟಿರ್ಬೇಕು. ಅಜ್ಜಿ ಮುಂದೆ ಬಿಚ್ಚಿ ತೋರಿಸು, ಎರಡರಲ್ಲಿ ಒಂದು ತೆಗೆದ್ರೆ ಏನೂ ಆಗಲ್ಲ ಅನ್ನು, ಮುದುಕಿ ಕರಗಿದ್ರೂ ಕರಗಬಹುದು ಅಂತ. ಅಲ್ವಾ? ಕಣ್ಣು ತಪ್ಪಿಸ್ಬೇಡ. ಅಲ್ವಾ?

ಸರಿ, ಅಲ್ಲ ಅಂದ್ರೆ ಅಲ್ಲ. ನನ್ನ ಏನಂತಾರೆ ಅಂತ ನಂಗೊತ್ತು. ಹೆತ್ತ ಮಗ ಗಂಗಾಧರ ವಾರಕ್ಕೆ ಎರಡು ಸಲ ಕೋಲಾರಕ್ಕೆ ಹೋಗಿ ರಕ್ತ ಸೋಸಿಸ್ಕೊಂಡು ಬರ್ತಾನೆ. ಹೆಂಡ್ತೀದು ಹೊಂದಲ್ಲ. ನೀನು ಕೊಡ್ತೀನಿ ಅಂದೆ, ಅವನು ಕೈಮುಗಿದು ಬೇಡ ಅಂದ. ಉಳಿದೋಳು ನಾನು. ಒಂದು ಸಲ ಪರೀಕ್ಷೆ ಮಾಡಿಸ್ಕೊಳ್ಳಿ ಅಮ್ಮ ಅಂತ ಡಾಕ್ಟರೇ ಕೇಳಿದ್ರೂ ನಾನು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಅರವತ್ತಾರು ವರ್ಷಕ್ಕೂ ಪ್ರಾಣದ ಮೇಲೆ ಆಸೆ! ಇಷ್ಟೇ ತಾನೇ ಅನ್ನೋದು? ಮೊನ್ನೆ ಹಾಲಿನ ಡೈರಿ ಹತ್ರ ಚಿಕ್ಕಗಂಗಮ್ಮ ನನ್ನ ನೋಡಿ ಮುಖ ತಿರುಗಿಸ್ಕೊಂಡ್ಲು ಕಣೇ. ಇಡೀ ಮಾಸ್ತಿ ಊರಿಗೇ ಗೊತ್ತು.

ಇರ್ಲಿ. ನಿಮ್ಮಪ್ಪ ಅಮ್ಮ ಕೋಲಾರದಿಂದ ಬರೋ ಬಸ್ಸಿಗೆ ಇನ್ನೂ ಹೊತ್ತಿದೆ. ಈ ಅವರೆಕಾಳು ಹಿಸುಕ್ತಾ ಹೇಳು ನಿನ್ನ ಪಾಠ. ಕೇಳಿಸ್ಕೊಳ್ತೀನಿ.

ಇದು ಲಿವರ್ರಾ. ಇಷ್ಟು ದೊಡ್ಡದಾ! ಇದು ಕರುಳು, ಗೊತ್ತು. ಕಿಡ್ನಿ... ಬೆನ್ನಿಗೆ ಒರಗಿರುತ್ತಾ? ಮುಂದುಗಡೆ ಅಲ್ವಾ? ಓ... ಅದಕ್ಕೇ ಪಕ್ಕೆ ಹತ್ರ... ಏನಿಲ್ಲ. ಏನೂ ಅನ್ಲಿಲ್ಲ ನಾನು. ಅದಕ್ಕೇ ನಿಮ್ಮಪ್ಪನಿಗೆ ಸೊಂಟ ನೋವು ಅಂದೆ.

ನನ್ನ ಪಕ್ಕೆ ಯಾಕೆ ನೋಡ್ತೀಯ? ಹೋದ ಭಾನುವಾರ ಎಣ್ಣೆ ತಿಕ್ಕುವಾಗ್ಲೂ ಆ ಗಾಯದ ಮೇಲೇ ಬೆರಳಾಡಿಸ್ತಿದ್ದೆ. ಹೇಳಿದ್ನಲ್ಲ, ಯಲ್ದೂರಲ್ಲಿ ಮಾವಿನ ಮರದಿಂದ ಬಿದ್ದು ಬೇಲಿ ತಂತಿ ಸೀಳ್ತು ಅಂತ. ತಂತಿ ಸೀಳಿದ ಗಾಯ ಇಷ್ಟು ನೆಟ್ಟಗಿರುತ್ತಾ ಅಂದ್ರೆ? ನಮ್ಮೂರ ತಂತಿ ನೆಟ್ಟಗಿತ್ತು ಕಣೇ!

ಯಾವಾಗ ಅಂದ್ರೆ... ನಮ್ಮತ್ತಿಗೆ ಅಕ್ಕಯಮ್ಮನ ಬಾಣಂತನಕ್ಕೆ ಅಂತ ತವರಿಗೆ ಹೋಗಿದ್ನಲ್ಲ, ಆವಾಗ. ನಿಮ್ಮಪ್ಪ ಮೂರು ವರ್ಷದೋನು. ಅವನನ್ನ ಇಲ್ಲೇ ಬಿಟ್ಟು ಮೂರು ತಿಂಗಳು ಹೋಗಿದ್ದೆ. ಬಾಣಂತನ ಮಾಡೋಕೆ ಹೋದೋಳು ಮರ ಯಾಕೆ ಹತ್ತಿದೆ ಅಂತೀಯಾ? ನೀನು ನರ್ಸ್ ಆಗೋದು ಬಿಟ್ಟು ಪೊಲೀಸ್ ಕೆಲಸಕ್ಕೆ ಸೇರ್ಕೊ. ...ಆ ಮಗು? ಯಾವ ಮಗು? ಅಕ್ಕಯಮ್ಮಂದಾ... ಉಳೀಲಿಲ್ಲ. ಎಲ್ಲಾ ಕೆದಕ್ಬೇಡ ಮೇಘನ.

ಒಂದು ಮಾತು ಕೇಳ್ತೀನಿ. ಸುಮ್ನೆ ಕೇಳ್ತಿರೋದು. ಇದನ್ನ ಒಂದು ಸಲ ಕೊಯ್ದು ತೆಗೆದ್ರೆ... ಮತ್ತೆ ಚಿಗುರುತ್ತಾ?

ಯಾಕೆ ನಗ್ತೀಯ? ನಗೋ ಮಾತಾ ಇದು? ಹಿಪ್ಪುನೇರಳೆ ಗಿಡಾನ ಬುಡದವರೆಗೂ ಕೊಯ್ದ್ರೂ ಎರಡು ತಿಂಗಳಿಗೆ ಎದೆಯೆತ್ತರ ಬರಲ್ವಾ? ಕೊಯ್ದಷ್ಟೂ ಚಿಗುರುತ್ತೆ. ಮೈಯೊಳಗಿಂದೂ ಹಂಗೇ ಅಂತ ಹೇಳಿದ್ರು. ಯಾರು ಅಂದ್ರೆ? ತಿಳಿದೋರು. ...ಹ್ಞಾಂ? ಲಿವರ್ ಬೆಳೆಯುತ್ತಾ? ನೋಡಿದ್ಯಾ, ನಾನು ಹೇಳ್ಲಿಲ್ವಾ! ಮತ್ತೆ ಇದು? ...ಇದು ಬೆಳೆಯಲ್ವಾ? ಸರಿಯಾಗಿ ನೋಡಿ ಹೇಳೇ. ಪುಸ್ತಕ ತೆಗಿ. ಹತ್ತು ವರ್ಷ ಆದ್ರೂ? ಇಪ್ಪತ್ತು? ...ಮೂವತ್ತೊಂಬತ್ತು ಆದ್ರೂ?

ಯಾಕೆ ನಗು ನಿಲ್ಲಿಸ್ದೆ?

ಆ ಎಡಗಡೇದನ್ನ ಗೊಂಬೆ ಒಳಗಿಡು. ಅಂಗೈಲಿ ಹಿಡ್ಕೊಂಡು ಯಾಕೆ ಹಂಗೆ ಕೂತಿದೀಯ? ಮೇಘನ... ಬೈದಾದ್ರೂ ಬಿಡೇ.

...ನಮ್ಮಣ್ಣ ಕೋದಂಡರಾಮಪ್ಪನಿಗೂ ನಿಮ್ಮ ತಾತನಿಗೂ ಮಾತಿರಲಿಲ್ಲ. ಅಣ್ಣನಿಗೂ ಇದೇ ಕಾಯಿಲೆ, ಮುಖ ಊದ್ಕೊಂಡು ಕಣ್ಣೇ ಕಾಣ್ತಿರಲಿಲ್ಲ ಕಣೇ. ನಿಜ ಹೇಳಿದ್ರೆ ಈ ಮನೆಯೋರು ಹೊಸಿಲು ದಾಟೋಕೆ ಬಿಡ್ತಿದ್ರಾ? ಬಾಣಂತನ ಅಂದ್ರೆ ಯಾವ ಅತ್ತೆಯೂ ಬೇಡ ಅನ್ನಲ್ಲ. ಮೂರು ಬಸ್ಸಿನ ದಾರಿ, ಯಾರು ಬಂದು ನೋಡ್ತಾರೆ? ಅಕ್ಕಯಮ್ಮ ಹೆರಲೇ ಇಲ್ಲ. ವೇಲೂರಿನ ಆಸ್ಪತ್ರೇಲಿ ಹೆಬ್ಬೆಟ್ಟು ಒತ್ತಿದೆ. ದಿನಾ ಬೆಳಿಗ್ಗೆ ನರ್ಸಮ್ಮ ಮಂಚದ ಹತ್ರ ಬಂದು ಅದೇ ತಮಿಳು ಹೆಸರು ಹೇಳೋಳು. ಬಾಣಂತನ ಮಾಡೋಕೆ ಹೋದೋಳು ನಾನೇ ಹೊಟ್ಟೆಗೆ ಬಟ್ಟೆ ಬಿಗಿಸ್ಕೊಂಡು ವಾಪಸ್ ಬಂದೆ.

'ಮಳ್ಳೀ ಚಿಗುರಿಸ್ತುಂದಿ ಅಮ್ಮಾ' ಅಂದ ಅಣ್ಣ, ಮತ್ತೆ ಚಿಗುರುತ್ತೆ ಅಂತ ನಮ್ಮ ತವರಿನ ತೆಲುಗಲ್ಲಿ. ಮೋಸ ಮಾಡೋಕಲ್ಲ, ಅವನೂ ಹಂಗೇ ನಂಬಿದ್ದ. ಆರು ವರ್ಷ ಬದುಕಿದ.

ನಾನೂ ನಂಬಿದ್ದೆ. ಸ್ನಾನ ಮಾಡುವಾಗೆಲ್ಲ ಪಕ್ಕೆ ಒತ್ತಿ ಒತ್ತಿ ನೋಡ್ಕೊಂತೀನಿ. ಪರೀಕ್ಷೆಗೆ ಹೋಗಿ ಇಲ್ಲ ಅಂತ ಆಗಿಬಿಟ್ರೆ? ಹೋಗದೆ ಇರೋವರೆಗೆ, ಇದ್ರೂ ಇರಬಹುದಲ್ಲ! ಪ್ರಾಣಕ್ಕೆ ಹೆದರೋ ಮುದುಕಿ ಅನ್ನಲಿ, ಅನ್ನಿಸ್ಕೊಂತೀನಿ. ಅಣ್ಣನಿಗೆ ಕೊಟ್ಟು ಮಗನಿಗೆ ಇಲ್ಲದಂಗೆ ಮಾಡಿದ್ಲು ಅಂತ ಗಂಗಾಧರ ನನ್ನ ಒಂದು ಸಲ ನೋಡಿದ್ರೆ...

ಏನು? ...ಪಟ್ಟೀಲಿ ಇನ್ನೂ ಹೆಸರೇ ಬರೆಸಿಲ್ವಾ? ಸತ್ತೋರ ಕಿಡ್ನಿ ಸಿಗೋ ಪಟ್ಟೀಲಿ? ಯಾಕೆ? ...ಅಮ್ಮ ಒಪ್ತಾಳೆ, ಇವತ್ತಲ್ಲ ನಾಳೆ ಒಪ್ತಾಳೆ ಅಂತ ಕಾಯ್ತಿದಾನಾ? ಮೂರು ತಿಂಗಳಿಂದ ನನಗೋಸ್ಕರ ಕಾಯ್ತಿದಾನಾ?

ಅಯ್ಯೋ ದೇವರೇ.

ಪೆನ್ನು ತಗೋ. ತಗೊಳ್ಳೇ, ಬಸ್ಸು ಬರೋ ಹೊತ್ತಾಯ್ತು. ಅವನ ಮುಖ ನೋಡಿದ್ರೆ ನನ್ನ ಬಾಯಲ್ಲಿ ಬರಲ್ಲ. ಸಿರುನೀರಗಂ... ಬಂತು ನೋಡು, ಈಗ ಬಂತು ಹಾಳಾದ್ದು. ಇಡದು ಸಿರುನೀರಗಂ. ಎಡಗಡೇದು ಅಂತ. ಅಳ್ಬೇಡ, ಅಕ್ಷರ ಕಲೆಸಿ ಹೋಗುತ್ತೆ, ನಿಮ್ಮಪ್ಪ ಓದ್ಬೇಕು. ನಾಳೇನೇ ಹೋಗಿ ಪಟ್ಟೀಲಿ ಹೆಸರು ಬರೆಸು ಅಂತ ಮೊದಲು ಬರಿ. ಅಮ್ಮನಿಗೆ ಕಾಯ್ಬೇಡ ಅಂತ ಬರಿ. ಬರೆದ್ಯಾ? ಕೆಳಗೆ... ಎಡಗಡೇದು ಚಿಗುರಲಿಲ್ಲ ಮಗಾ, ಅಂತ ಬರ್ಕೋ.