ಒರೆಸದ ಜೇಡಿ

ಕಿತ್ತ ಚಪ್ಪಲಿ ಹಿಡಿದು ದರ್ಜಿಯಮ್ಮ ರಿಪೇರಿ ಅಂಗಡಿಯಲ್ಲಿ ಸರದಿ ಕಾಯುತ್ತಿದ್ದಳು. ಮುಂದೆ ಅಣ್ಣ, ತಂಗಿ. ತಂಗಿಯ ಕೊರಳಲ್ಲಿ ಉದ್ದಜಿಗಿತದ ಪದಕ, ರಿಪೇರಿಯವನ ಕೈಯಲ್ಲಿ ಅವಳು ತೊಟ್ಟು ಜಿಗಿದ ಮೊಳೆ ಶೂ. ದರ್ಜಿಯಮ್ಮನ ಕಿವಿಯೋ, ಸುಮ್ಮನಿರುವಂಥದ್ದಲ್ಲ.

“ಶೂ ತುದಿಗೆ ಅದೇನೇ ಮೆತ್ತಿದೆ?” ಅಣ್ಣ ಕೇಳಿದ.

“ಜೇಡಿ. ಗೆರೆ ತುಳಿದ್ರೆ ಗುರುತು ಬೀಳಲಿ ಅಂತ ಜಿಗಿಯೋ ಹಲಗೆ ಅಂಚಿಗೆ ಹಚ್ಚಿರ್ತಾರಲ್ಲ, ಅದು.”

“ಅಂದ್ರೆ ನೀನು ಗೆರೆ ತುಳಿದಿದ್ದೆ! ಆ ಜಿಗಿತ ಫೌಲು!”

“ಶೂ ಬಿಚ್ಚಿದಾಗಲೇ ಗೊತ್ತಾಗಿದ್ದು ಕಣೋ.”

“ತೀರ್ಪುಗಾರರೇ ಸರಿ ಅಂದ ಮೇಲೆ ನಿಂದೇನು? ಅಪ್ಪ ಆಗಲೇ ಓಣಿಗೆಲ್ಲ ಡಂಗುರ ಸಾರಿಯಾಯ್ತು.”

“ಈ ಶೂ ಅತ್ತೆ ಮಗಳದ್ದು. ನಂದು ಬಾಯಿ ಬಿಟ್ಟಿತ್ತಲ್ಲ, ತಾನು ಜಿಗಿದು ಬಂದು ಬಿಚ್ಚಿ ಕೊಡ್ತಿದ್ಳು.”

“ಎರಡನೇ ಸ್ಥಾನ ಬಂದವಳಾ? ಮತ್ತಿನ್ನೇನು! ಈ ಜೇಡಿ ಅವಳೇ ತುಳಿದದ್ದಿರಬಹುದು.”

“ಕೊನೇ ಜಿಗಿತ ನಂದು. ಗೆದ್ದಿದ್ದೂ ಅದರಲ್ಲೇ.”

“ಅವಳ ಕಾಲಿನದ್ದೇ ಅಂಟ್ಕೊಂಡು ಉಳಿದಿದ್ರೆ?”

“ಪ್ರತಿ ಸಲ ಒರೆಸಿಯೇ ಕೊಡ್ತಿದ್ಳು.”

ರಿಪೇರಿಯವನು ಹೊಲಿಗೆ ಮುಗಿಸಿ, ಶೂ ತುದಿಗೆ ಬಟ್ಟೆ ತಂದ.

“ಒರೆಸಬೇಡಿ ಮಾಮ. ಅವಳಿಗೆ ತೋರಿಸಿ, ಅವಳ ಮುಂದೆಯೇ ಒರೆಸಿ ಕೊಡ್ತೀನಿ.”

“ಅಪ್ಪನಿಗೆ ಯಾರೇ ಹೇಳೋದು?”

ಅವಳು ಪದಕ ತೆಗೆದು ಅಣ್ಣನ ಕೈಗಿಟ್ಟು, ತುಂಬಿದ ಕೊಡ ಹೊತ್ತವಳ ಹಾಗೆ ಶೂ ಎತ್ತಿ ಹಿಡಿದು ಬೀದಿಗಿಳಿದಳು.