ಕಾಗದಕ್ಕೆ ಚುಚ್ಚಿದ ಕನೆಕ್ಟರ್

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ವೇದಿಕೆಯ ಮೇಲೆ ಇಕ್ಕಟ್ಟಾಗಿ ಕುಳಿತಿರುವ ಗಣ್ಯರೇ, ಮೊಬೈಲಿನಿಂದ ಇನ್ನೇನು ತಲೆ ಎತ್ತಲಿರುವ ವಿದ್ಯಾರ್ಥಿಗಳೇ, ಸಭಿಕರೇ,

ವರ್ಷದ ಅತ್ಯುತ್ತಮ ಮಾರ್ಗದರ್ಶಕಿ ಎಂದು ನನ್ನನ್ನು ಸನ್ಮಾನಿಸಿದ್ದೀರಿ. ಯಾವ ತಂಡದ ಮಾರ್ಗದರ್ಶಕಿ? ಸ್ಪರ್ಧೆಯಲ್ಲಿ ಆರಂಭದ ಗೆರೆಯನ್ನೂ ದಾಟದೆ ಹೊಗೆ ಬಿಟ್ಟು ನಿಂತ ವಿದ್ಯುತ್ ಗಾಡಿಯ ತಂಡದ್ದು. ಆ ಹೊಗೆಯನ್ನು ಸ್ವಾಗತದ ಏರ್ಪಾಡು ಎಂದುಕೊಂಡು ಅತಿಥಿಯೊಬ್ಬರು ಚಪ್ಪಾಳೆ ತಟ್ಟಿದರು.

ಯೋಜನೆ ಹಾಕುವುದರಲ್ಲಿ ನಮ್ಮ ತಂಡವನ್ನು ಮೀರಿಸುವವರಿಲ್ಲ. ಅಂಗಿಯ ಬಣ್ಣಕ್ಕೆ ಮೂರು ಸಭೆ. ತಂಡದ ಹೆಸರಿಗೆ ನಾಲ್ಕು ಸಭೆ. ಗಾಡಿಯ ಸರ್ಕ್ಯೂಟ್ ಬೋರ್ಡಿನ ನಕ್ಷೆ, ಅಂದರೆ ಲೇಔಟ್ ಪರಿಶೀಲನೆಗೆ? ಒಂದು ಮಧ್ಯಾಹ್ನದ ಊಟದ ಬಿಡುವು. "ಕಂಪ್ಯೂಟರೇ ಚೆಕ್ ಮಾಡಿದೆ ಮೇಡಂ, ಒಂದೂ ತಪ್ಪಿಲ್ಲ" ಎಂದ ತಂಡದ ನಾಯಕ. ಗೆರೆಗೆ ಗೆರೆ ತಾಗಿದೆಯೇ ಎಂದು ಕಂಪ್ಯೂಟರ್ ನೋಡುತ್ತದೆ. ತಂತಿ ಸಿಕ್ಕಿಸುವ ಕನೆಕ್ಟರನ್ನು ನೀವು ಮೇಲಿನಿಂದ ನೋಡಿ ಬರೆದಿರೋ ಕೆಳಗಿನಿಂದ ನೋಡಿ ಬರೆದಿರೋ, ಅದಕ್ಕೇನು ಗೊತ್ತು ಪಾಪ?

ನಮ್ಮಪ್ಪ ದರ್ಜಿ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದ ಕತ್ತರಿಸಿ ನನ್ನ ತೋಳಿಗೆ ಹಿಡಿದು ನೋಡುತ್ತಿದ್ದರು. "ಎರಡೂ ಎಡತೋಳೇ ಆದ್ರೆ ಗಿರಾಕಿ ಬಲಗೈನ ಎಲ್ಲಿ ಇಟ್ಕೋತಾನೆ ಮಗಳೇ?" ಎನ್ನುತ್ತಿದ್ದರು. ನನ್ನ ಅಭ್ಯಾಸ ಬಂದಿದ್ದು ಅಲ್ಲಿಂದ. ಬೋರ್ಡ್ ಮಾಡಿಸಲು ಕಳಿಸುವ ಮುಂಚೆ ಲೇಔಟನ್ನು ಅಸಲಿ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ನಿಜವಾದ ಕನೆಕ್ಟರನ್ನೇ ಅದಕ್ಕೆ ಚುಚ್ಚಿ ನೋಡುವುದು. ಇಪ್ಪತ್ತೆರಡು ವರ್ಷ ಇದನ್ನೇ ಹೇಳಿಕೊಟ್ಟಿದ್ದೇನೆ. ಇಪ್ಪತ್ತೆರಡು ವರ್ಷ ಎಲ್ಲರೂ ತಲೆಯಾಡಿಸಿದ್ದಾರೆ. ಮಾಡಿದವಳು ಒಬ್ಬಳು.

ತಂಡದವರು ಅವಳಿಗೆ ಇಟ್ಟ ಅಡ್ಡಹೆಸರು 'ಪಿಸುಮಾತು'. ಆ ಮಧ್ಯಾಹ್ನ ಕಾಗದ ಹಿಡಿದು ನನ್ನ ಮೇಜಿನ ಬಳಿ ಬಂದಳು. "ಮೇಡಂ, ಬ್ಯಾಟರಿ ಕನೆಕ್ಟರ್ ಮೇಲಿಂದ ಕೂರ್ತಿಲ್ಲ. ಪ್ಲಾಸ್ಟಿಕ್ ಗೂಟ ಇರೋದು ಒಂದು ಕಡೆ, ತೂತು ಇನ್ನೊಂದು ಕಡೆ. ಹಿಂದಿನಿಂದ ಚುಚ್ಚಿದ್ರೆ ಸರಿಯಾಗಿ ಕೂರುತ್ತೆ."

ಅವಳ ಮುಂದೆ ಕುಳಿತಿದ್ದ ಪರಿಣತೆ ಏನು ಮಾಡಿದಳು? ಕನ್ನಡಕ ಹಾಕಿಕೊಂಡಳೇ? ಕಾಗದ ಕೈಗೆ ತೆಗೆದುಕೊಂಡಳೇ? ಊಟದ ಡಬ್ಬಿಯಿಂದ ತಲೆ ಎತ್ತದೆ ಹೇಳಿದಳು: "ಕಾಗದ ಮಗುಚಿ ಹಿಡಿದಿದ್ದೀಯ ಕಣಮ್ಮ. ಹೋಗು, ಊಟ ಮಾಡು."

ಆ ಪರಿಣತೆ ನಾನೇ. ಕೈ ತೊಳೆದು ಬಂದು ಲೇಔಟಿಗೆ ಸಹಿ ಹಾಕಿದೆ. ಬೋರ್ಡ್ ಬಂತು. ಗೂಟ ಅಡ್ಡ ಬಂತು. ನಮ್ಮ ವೀರರು ಯಾಕೆಂದು ಯೋಚಿಸಿದರೇ? ಗೂಟವನ್ನು ಬ್ಲೇಡಿನಿಂದ ಕೊರೆದು ಬಿಸಾಕಿ, ಕನೆಕ್ಟರನ್ನು ಒತ್ತಿ ಕೂರಿಸಿದರು. ಪ್ಲಸ್ ಇರಬೇಕಾದಲ್ಲಿ ಮೈನಸ್ ಬಂತು. ಆಮೇಲೆ ಆ ಸ್ವಾಗತದ ಹೊಗೆ.

ತನಿಖಾ ಸಮಿತಿ ಒಂದೇ ದಿನದಲ್ಲಿ ವರದಿ ಕೊಟ್ಟಿತು. ಲೇಔಟ್ ನೋಡಲು ಒಂದು ಗಂಟೆ ಸಿಗದವರಿಗೆ ವರದಿಗೆ ಇಡೀ ದಿನ ಸಿಕ್ಕಿತು, ನೋಡಿ! 'ಪರಿಶೀಲನೆಯ ಹೊಣೆ ಹೊತ್ತ ವಿದ್ಯಾರ್ಥಿನಿಯ ಅಸಡ್ಡೆ' ಎಂದು ಬರೆದರು. ಅವಳನ್ನು ತಂಡದಿಂದ ತೆಗೆದರು. ಆ ಸಮಿತಿಯಲ್ಲಿ ಮೂವರಿದ್ದೆವು. ಹೌದು, ಇದ್ದೆವು.

ಅವಳು ಜಗಳ ಮಾಡಲಿಲ್ಲ. ಕಾಗದವನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟು ಹೋದಳು. ಅದರಲ್ಲಿ ಕನೆಕ್ಟರ್ ಚುಚ್ಚಿದ ತೂತುಗಳು ಹಾಗೇ ಇದ್ದವು. ಅಂದೇ ಕೂತು ವರದಿಗೆ ಒಂದು ತಿದ್ದುಪಡಿ ಪತ್ರ ಬರೆದೆ. ಮೂರು ವಾರದಿಂದ ಅದು ನನ್ನ ಚೀಲದಲ್ಲಿದೆ. ಯಾಕೆ ಕೊಡಲಿಲ್ಲ? ಈ ಸನ್ಮಾನ ಮುಗಿಯಲಿ ಎಂದು ಕಾಯುತ್ತಿದ್ದೆ. ನಗಬೇಡಿ. ನಿಮ್ಮಲ್ಲಿ ಎಷ್ಟು ಜನ ಕಾಯುತ್ತಿರಲಿಲ್ಲ?

ಈಗ ಸನ್ಮಾನ ಮುಗಿದಿದೆ. ಪ್ರಾಂಶುಪಾಲರೇ, ಪತ್ರ ಇಲ್ಲಿದೆ. ತಪ್ಪು ನನ್ನದು, ಅವಳು ತಂಡಕ್ಕೆ ಮರಳಬೇಕು, ಮುಂದಿನ ಲೇಔಟ್ ಅವಳ ಸಹಿಯಿಲ್ಲದೆ ಹೊರಗೆ ಹೋಗಬಾರದು ಎಂದು ಬರೆದಿದ್ದೇನೆ. ಆಗಲೇ ಪೆನ್ನಿನ ಮುಚ್ಚಳ ತೆಗೆದಿರಾ? ಅವಸರವಿಲ್ಲ, ಸಭೆ ಕಾಯುತ್ತದೆ. ಮೊದಲು ಓದಿ, ಆಮೇಲೆ ಸಹಿ ಹಾಕಿ.

ಇಷ್ಟು ಹೊತ್ತು ಸಹಿಸಿಕೊಂಡಿದ್ದಕ್ಕೆ ಎಲ್ಲರಿಗೂ ವಂದನೆಗಳು. ನಮಸ್ಕಾರ.